‘ಹೋಗಿಬರ್ತೀನಿ’ ಎಂಬ ಜಪಾನಿ ಮಾತು

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅಪ್ಪ 22 ವರ್ಷ ಲೇತ್ ಓಡಿಸಿದರು. ಆ ಶೆಡ್ಡಿನ ಗೋಡೆಯ ಮೇಲೆ, ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮದ ಕಲೆಯ ಪಕ್ಕದಲ್ಲಿ, ನೀಲಿ ಬಣ್ಣದಲ್ಲಿ ಬರೆದ ಐದು ಪದಗಳಿದ್ದವು: ಸೇರಿ, ಸೇಟನ್, ಸೇಸೊ, ಸೇಕೆತ್ಸು, ಶಿತ್ಸುಕೆ. ಒಂದೊಂದರ ಮುಂದೆಯೂ ಕನ್ನಡದಲ್ಲಿ ಅರ್ಥ. ಬೇಡದ್ದು ತೆಗೆ, ಅದರದರ ಜಾಗದಲ್ಲಿ ಇಡು, ಗುಡಿಸು, ಹಾಗೇ ಉಳಿಸು, ಶಿಸ್ತು. ಕಾರ್ಖಾನೆಯವರು ಇದನ್ನು ಐದು ಎಸ್ ಅನ್ನುತ್ತಾರೆ. ಪೀಣ್ಯದಲ್ಲಿ ಇಂಥ ಗೋಡೆಗಳು ಎಷ್ಟೋ ಇವೆ. ಕೈಯಲ್ಲಿ ಹಿಡಿಯುವ ವರ್ನಿಯರ್ ಮಿಟುಟೊಯೊದ್ದು, ಸಿಎನ್‌ಸಿ ಯಂತ್ರದ ಕಂಟ್ರೋಲರ್ ಫಾನುಕ್‌ನದು, ಸಂಜೆಯ ಮೀಟಿಂಗಿನಲ್ಲಿ ಸೂಪರ್‌ವೈಸರ್ ಹೇಳುವುದು ಕೈಜೆನ್ (ಸತತ ಸುಧಾರಣೆ), ಪೋಕಾ ಯೋಕೆ (ತಪ್ಪಾಗದಂತೆ ತಡೆ). ನಾನು ಜಪಾನಿ ಕಲಿಯಲು ಕೂರುವುದಕ್ಕೆ ಎಷ್ಟೋ ವರ್ಷ ಮೊದಲೇ ಅಪ್ಪನ ಬಾಯಲ್ಲಿ ಜಪಾನಿ ಪದಗಳು ಸವೆದು ನುಣುಪಾಗಿದ್ದವು.

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನನಗೆ ವಿನಿಮಯ ವಿದ್ಯಾರ್ಥಿಯಾಗಿ ನಗೋಯಾಕ್ಕೆ ಹೋಗುವ ಅವಕಾಶ ಬಂತು. ಹನ್ನೊಂದು ತಿಂಗಳು ಅಲ್ಲಿದ್ದೆ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಭಾನುವಾರ ದಾಸರಹಳ್ಳಿಯ ನಮ್ಮ ಮನೆಯಲ್ಲಿ ಐಟಿಐ, ಡಿಪ್ಲೊಮಾ ಓದುವ ಅಕ್ಕಪಕ್ಕದ ಮಕ್ಕಳಿಗೆ ಜಪಾನಿ ಪಾಠ. ಅವರೆಲ್ಲ ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ: ‘ಅಕ್ಕ, ನಮಗೆ ಇಂಗ್ಲಿಷ್ ಸರಿಯಾಗಿ ಬರಲ್ಲ, ಜಪಾನಿ ಬರುತ್ತಾ?’ ಈ ಅಂಕಣ ಆ ಪ್ರಶ್ನೆಗೆ ನನ್ನ ಉತ್ತರ. ಕನ್ನಡ ಬರುತ್ತದಲ್ಲ, ಸಾಕು. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ವ್ಯಾಕರಣದ ಮಾತು.

ಮೊದಲು ವಿನಿಮಯ ಅಂದರೇನು ಅನ್ನುವುದನ್ನು ಹೇಳಿಬಿಡುತ್ತೇನೆ, ಮನೆಯವರಿಗೆ ಗೊಂದಲ ಇರುವುದು ಇಲ್ಲೇ. ಇಲ್ಲಿನ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದ್ದರೆ ನೀವು ಇಲ್ಲಿನ ಶುಲ್ಕ ಕಟ್ಟಿ ಅಲ್ಲಿ ಒಂದು ಅಥವಾ ಎರಡು ಸೆಮಿಸ್ಟರ್ ಓದುತ್ತೀರಿ, ಪದವಿ ಇಲ್ಲಿಯದೇ. ಅಲ್ಲಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು, ಆದರೆ ವಿನಿಮಯದವರಲ್ಲಿ ಹೆಚ್ಚಿನವರು ಸೆಪ್ಟೆಂಬರ್ ಕೊನೆಗೆ ಹೋಗಿ ಸೇರುತ್ತಾರೆ. ಆಯ್ಕೆಯಾದ ಕೆಲವರಿಗೆ ಜಾಸೊ ಎಂಬ ಸರ್ಕಾರಿ ಸಂಸ್ಥೆ ತಿಂಗಳಿಗೆ 80,000 ಯೆನ್ ಕೊಡುತ್ತದೆ. ಅದಕ್ಕೆ ನಿಮ್ಮ ಹೆಸರು ಕಳಿಸುವುದು ಅಲ್ಲಿನ ವಿಶ್ವವಿದ್ಯಾಲಯವೇ, ನಡುವೆ ಏಜೆಂಟರಿಗೆ ಕೆಲಸವೇ ಇಲ್ಲ. ವಿಮಾನದಿಂದ ಇಳಿದ ಕೂಡಲೇ ದೊಡ್ಡ ನಿಲ್ದಾಣಗಳಲ್ಲಿ ನಿವಾಸದ ಕಾರ್ಡ್ ಕೈಗೆ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು, ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ವಿಮೆ ಇದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ನಿಮ್ಮ ಪಾಲು ಶೇ 30 ಮಾತ್ರ. ಪಾರ್ಟ್‌ಟೈಮ್ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು, ಸಿಕ್ಕರೂ ಓದಿನ ದಿನಗಳಲ್ಲಿ ವಾರಕ್ಕೆ 28 ಗಂಟೆ ದಾಟುವಂತಿಲ್ಲ. ಇಷ್ಟು ಕಾಗದದ ವಿಷಯ.

ಭಾಷೆಯ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಾದ್ದು ಇಲ್ಲಿದೆ. ಹೋಗುವ ಮೊದಲು ಬೆಂಗಳೂರಿನಲ್ಲೇ ಒಂದು ತರಗತಿಗೆ ಸೇರಿದ್ದೆ. ಅಲ್ಲಿ ಜಪಾನಿಯನ್ನು ಇಂಗ್ಲಿಷಿನ ಮೂಲಕ ಹೇಳಿಕೊಡುತ್ತಿದ್ದರು. ಕ್ರಿಯಾಪದದ ‘ತೆ’ ರೂಪ ಬಂದಾಗ ತರಗತಿಯಲ್ಲಿ ಅರ್ಧಕ್ಕರ್ಧ ಜನ ಕಳಚಿಕೊಂಡರು. ‘ತೆ’ ರೂಪದ ಮುಂದೆ ಮಿರು ಬಂದರೆ ಪ್ರಯತ್ನ, ಶಿಮಾವು ಬಂದರೆ ಪೂರ್ತಿಯಾಗುವಿಕೆ ಅಥವಾ ವಿಷಾದ, ಒಕು ಬಂದರೆ ಮುಂಚಿತ ಸಿದ್ಧತೆ ಎಂದು ಮೂರು ಹಾಳೆ ತುಂಬ ನಿಯಮ. ನಾನೂ ಬಾಯಿಪಾಠ ಹೊಡೆದೆ. ಪರೀಕ್ಷೆ ಪಾಸಾದೆ. ಮಾತಾಡಲು ಬರಲಿಲ್ಲ.

ನಗೋಯಾದಲ್ಲಿ ಹಾಸ್ಟೆಲಿನ ಬಾಗಿಲ ಬಳಿ ಚಪ್ಪಲಿ ಗೂಡಿನ ಪಕ್ಕ ಒಬ್ಬ ಹಿರಿಯ ಹೆಂಗಸು ಕೂರುತ್ತಿದ್ದರು. ಬೆಳಿಗ್ಗೆ ಹೊರಡುವ ಹುಡುಗಿಯರು ಅವರಿಗೆ ‘ಇತ್ತೆಕಿಮಾಸ್’ ಎಂದು ಹೇಳಿಯೇ ಶೂ ಹಾಕಿಕೊಳ್ಳುತ್ತಿದ್ದರು. ಅವರು ‘ಇತ್ತೆರಾಶ್ಶಾಯ್’ ಅನ್ನುತ್ತಿದ್ದರು. ಮೊದಲ ವಾರ ನಾನೂ ಎಲ್ಲರಂತೆ ಅಂದೆ, ಅದೊಂದು ಶಿಷ್ಟಾಚಾರದ ಶಬ್ದ ಎಂದುಕೊಂಡು. ಎರಡನೇ ವಾರದ ಒಂದು ಬೆಳಿಗ್ಗೆ ಒಂದು ಕಾಲಿಗೆ ಶೂ ಹಾಕಿಕೊಂಡು ಬಗ್ಗಿದ್ದಾಗ ಆ ಪದ ನನ್ನೊಳಗೆ ಎರಡಾಗಿ ಬಿಚ್ಚಿಕೊಂಡಿತು. ಇತ್ತೆ ಅಂದರೆ ಹೋಗಿ. ಕಿಮಾಸ್ ಅಂದರೆ ಬರ್ತೀನಿ. ಹೋಗಿಬರ್ತೀನಿ! ಇತ್ತೆರಾಶ್ಶಾಯ್ ಅಂದರೆ ಹೋಗಿ ಬನ್ನಿ. ಹೊಸಿಲು ದಾಟುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿಬರ್ತೀನಿ’ ಅನ್ನು ಎಂದು ಅಮ್ಮ ಎಷ್ಟು ಸಲ ಗದರಿಸಿದ್ದಾಳೆ. ಆರು ಸಾವಿರ ಕಿಲೋಮೀಟರಿಗೂ ಆಚೆ ಒಂದು ಊರಿನ ತಾಯಂದಿರೂ ಮಕ್ಕಳಿಗೆ ಅದನ್ನೇ ಕಲಿಸಿದ್ದರು. ಆ ದಿನ ತರಗತಿಗೆ ಹದಿನೈದು ನಿಮಿಷ ತಡವಾಯಿತು. ದಾರಿಯುದ್ದಕ್ಕೂ ಆ ಮೂರು ಹಾಳೆಯ ನಿಯಮಗಳನ್ನು ಕನ್ನಡಕ್ಕೆ ತಿರುಗಿಸುತ್ತ ನಡೆದೆ.

ಮಿರು ಅಂದರೆ ನೋಡು. ತಬೆತೆ ಮಿರು, ತಿಂದು ನೋಡು. ಒಕು ಅಂದರೆ ಇಡು. ಕತ್ತೆ ಒಕು, ಕೊಂಡಿಡು. ತಬೆತೆ ಶಿಮಾವು, ತಿಂದುಬಿಡು. ನಮ್ಮ ‘ಬಿಡು’ವಿನಲ್ಲಿ ಮುಗಿಸುವುದೂ ಇದೆ, ‘ಅಯ್ಯೋ ಮರೆತುಬಿಟ್ಟೆ’ ಎಂಬ ಪೇಚಾಟವೂ ಇದೆ. ಶಿಮಾವುವಿನಲ್ಲೂ ಅವೆರಡೂ ಇವೆ. ಮೊತ್ತೆ ಇಕು, ತಗೊಂಡು ಹೋಗು. ಒಶಿಯೆತೆ ಅಗೆರು, ಹೇಳಿಕೊಡು. ಕನ್ನಡದಲ್ಲಿ ‘ಹೇಳು’ವಿಗೆ ‘ಕೊಡು’ ಸೇರಿದರೆ ಕಲಿಸುವುದು ಹೇಗೆ ಒಂದು ದಾನವಾಗುತ್ತದೋ ಜಪಾನಿಯಲ್ಲೂ ಹಾಗೆಯೇ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹಾಳೆಗಳು ಬೇಕು, ಏಕೆಂದರೆ ಇಂಗ್ಲಿಷಿಗೆ ಈ ಜೋಡಣೆಯೇ ಗೊತ್ತಿಲ್ಲ. ಕನ್ನಡದ ಮಗು ಇದನ್ನು ಮೂರು ವರ್ಷಕ್ಕೇ ಆಡುತ್ತದೆ.

ವಾಕ್ಯವೂ ಅಷ್ಟೇ. ‘ಕಿನೋ ಮಿತ ಏಗ’, ನಿನ್ನೆ ನೋಡಿದ ಸಿನಿಮಾ. ಪದಕ್ಕೆ ಪದ, ಅದೇ ಅನುಕ್ರಮ. ‘ಪೀಣ್ಯ ಕರ ಕಿಮಾಶಿತ’, ಪೀಣ್ಯದಿಂದ ಬಂದೆ. ‘ಕರ’ ನಮ್ಮ ‘ಇಂದ’ದಂತೆ ಸ್ಥಳಕ್ಕೂ ಸರಿ, ಕಾರಣಕ್ಕೂ ಸರಿ. ‘ವತಶಿ ಮೊ’, ನಾನೂ. ಪ್ರಶ್ನೆ ಕೇಳಲು ಕೊನೆಗೊಂದು ‘ಕ’ ಹಚ್ಚಿದರೆ ಸಾಕು, ನಾವು ‘ಹೋಗ್ತೀರ’ಕ್ಕೆ ದೀರ್ಘ ಎಳೆದು ‘ಹೋಗ್ತೀರಾ’ ಅಂದಂತೆ. ನನಗೆ ತುಂಬ ಇಷ್ಟವಾದ ಜೋಡಿ ಇದು: ದರೆ, ದರೆಕ, ದರೆಮೊ. ಯಾರು, ಯಾರೋ, ಯಾರೂ. ನನಿ, ನನಿಕ, ನನಿಮೊ. ಏನು, ಏನೋ, ಏನೂ. ದೊಕೊ, ದೊಕೊಕ, ದೊಕೊಮೊ. ಎಲ್ಲಿ, ಎಲ್ಲೋ, ಎಲ್ಲೂ. ಒಂದು ಭಾನುವಾರ ಇದನ್ನು ಬೋರ್ಡಿನ ಮೇಲೆ ಬರೆದಾಗ ಫಿಟ್ಟರ್ ಟ್ರೇಡಿನ ಹುಡುಗನೊಬ್ಬ ಉಳಿದದ್ದನ್ನು ನಾನು ಹೇಳುವ ಮೊದಲೇ ತಾನೇ ಹೇಳಿ ಮುಗಿಸಿದ.

ಹಾಗಾದರೆ ಕನ್ನಡವೂ ಜಪಾನಿಯೂ ಒಡಹುಟ್ಟಿದವೇ? ಜಪಾನಿನ ವಿದ್ವಾಂಸ ಸುಸುಮು ಓನೊ ಜಪಾನಿಗೂ ತಮಿಳಿಗೂ ನೆಂಟಸ್ತನವಿದೆ ಎಂದು ಬಹುಕಾಲ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ, ನಾನೂ ಒಪ್ಪಬೇಕೆಂದು ಹೇಳುತ್ತಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಎರಡು ಮನೆಗಳ ನಕ್ಷೆ ಒಂದೇ ಥರ ಇರಬಹುದು. ಅಡುಗೆಮನೆ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ತಿಳಿದರೆ ವಿದ್ಯಾರ್ಥಿಗೆ ಬೇಕಾದ್ದು ಅಷ್ಟೇ.

ಅಕ್ಷರಮಾಲೆಯ ಕಥೆ ಮಾತ್ರ ನಿಜವಾದ ಸಂಬಂಧದ್ದು. ಜಪಾನಿನ ಮಕ್ಕಳು ಓದುವುದು ಅ, ಇ, ಉ, ಎ, ಒ. ಆಮೇಲೆ ಕ, ಕಿ, ಕು, ಕೆ, ಕೊ. ಇದು ಕಾಗುಣಿತ. ಸಾಲುಗಳ ಅನುಕ್ರಮ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯನ್ನು ಪಕ್ಕದಲ್ಲಿಟ್ಟು ನೋಡಿ: ಗಂಟಲಿನಿಂದ ಶುರುವಾಗಿ ತುಟಿಗೆ ಬರುವ ಅದೇ ದಾರಿ. ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನೂ ಸಂಸ್ಕೃತದ ಧ್ವನಿಶಾಸ್ತ್ರವನ್ನೂ ಕಲಿತು, ತಮ್ಮ ಅಕ್ಷರಗಳನ್ನೂ ಅದರಂತೆ ಜೋಡಿಸಿಕೊಂಡರು. ಆ ಕಲಿಕೆಯನ್ನು ಜಪಾನಿಗೆ ಒಯ್ದವರಲ್ಲಿ ದೊಡ್ಡ ಹೆಸರು ಕೂಕಾಯ್. ಆತನೂ ವಿದೇಶಕ್ಕೆ ಹೋದ ವಿದ್ಯಾರ್ಥಿಯೇ. 804ರಲ್ಲಿ ಚೀನಾಕ್ಕೆ ಹೋಗಿ ಅಲ್ಲಿ ಪ್ರಜ್ಞನೆಂಬ ಭಾರತೀಯ ಗುರುವಿನ ಬಳಿ ಸಂಸ್ಕೃತ ಕಲಿತು 806ರಲ್ಲಿ ಮರಳಿದ.

ಆದರೆ ನಮ್ಮ ವರ್ಣಮಾಲೆಯಲ್ಲಿ ‘ಮ’ದ ವರ್ಗ ‘ಪ’ದ್ದು, ಅಲ್ಲಿ ‘ಹ’ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಕನ್ನಡಿಗರ ನಾಲಿಗೆಯ ಮೇಲೇ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು, ಪಾವು ಹಾವಾಯಿತು. ಪುರಾತನ ಜಪಾನಿಯ ‘ಪ’ಕಾರವೂ ಹೀಗೆಯೇ ಸವೆದು ಹಕಾರವಾಯಿತು. ಅಕ್ಷರ ತನ್ನ ಜಾಗ ಬಿಡಲಿಲ್ಲ, ಉಚ್ಚಾರ ಬದಲಾಯಿತು. ಸೊಗಸು ಇಲ್ಲಿಗೂ ಮುಗಿಯುವುದಿಲ್ಲ. ನಮ್ಮಲ್ಲಿ ಪತ್ತು ಹತ್ತಾಯಿತು, ಆದರೆ ಇಪ್ಪತ್ತಿನಲ್ಲಿ ಒತ್ತು ಬಿದ್ದದ್ದರಿಂದ ಹಳೆಯ ‘ಪ’ ಹಾಗೇ ಉಳಿದುಕೊಂಡಿದೆ. ಪೊತ್ತು ಹೊತ್ತಾಯಿತು, ಒಪ್ಪೊತ್ತಿನಲ್ಲಿ ‘ಪ’ ಬದುಕಿದೆ. ಜಪಾನೀಯರು ತಮ್ಮ ದೇಶವನ್ನು ನಿಹೊನ್ ಅನ್ನುತ್ತಾರೆ, ಒತ್ತಿ ಹೇಳುವಾಗ ನಿಪ್ಪೊನ್. ನೂರು ಅವರಿಗೆ ಹ್ಯಾಕು, ಆರುನೂರು ರೊಪ್ಪ್ಯಾಕು. ಹತ್ತು, ಇಪ್ಪತ್ತು ಎಂದು ಎಣಿಸಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾನು ನಗೋಯಾದ ಗ್ರಂಥಾಲಯದಲ್ಲಿ ಕೂತು ಇದನ್ನು ಕಾಗದದ ಮೇಲೆ ಬರೆದುಕೊಂಡ ಸಂಜೆ ಊಟಕ್ಕೆ ಏಳುವುದನ್ನೇ ಮರೆತಿದ್ದೆ. ಶಾಲೆಯಲ್ಲಿ ಹಳಗನ್ನಡ ವ್ಯಾಕರಣ ಕಲಿಸಿದ ಮೇಷ್ಟರನ್ನು ಅಂದು ಮನಸಾರೆ ನೆನೆದೆ.

ಉಚ್ಚಾರದಲ್ಲೂ ನಮಗೆ ಅನುಕೂಲ. ಜಪಾನಿಯಲ್ಲಿ ಒಬಸನ್ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಕುಡಿಯುವ ಬಿಯರ್. ಕಿತೆ ಬೇರೆ, ಕಿತ್ತೆ ಬೇರೆ. ನನ್ನ ತರಗತಿಯಲ್ಲಿದ್ದ ಅಮೆರಿಕದ, ಫ್ರಾನ್ಸಿನ ಗೆಳತಿಯರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡಿದರು. ಹ್ರಸ್ವ, ದೀರ್ಘ, ಒತ್ತಕ್ಷರ ಎಂದು ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕನ್ನಡ ಶಾಲೆಯ ಮಕ್ಕಳಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಹೈಕುವಿನ ಐದು, ಏಳು, ಐದನ್ನು ಅವರು ಎಣಿಸುವುದು ಮಾತ್ರೆಯಲ್ಲಿ. ನಿಪ್ಪೊನ್ ನಾಲ್ಕು ಮಾತ್ರೆ, ತೋಕ್ಯೋ ನಾಲ್ಕು ಮಾತ್ರೆ. ಲಘು ಗುರು ಹಾಕಿ ನೋಡಿ, ನಮ್ಮ ಲೆಕ್ಕವೂ ಅಷ್ಟೇ ಬರುತ್ತದೆ.

ಕನ್ನಡ ಕೈಕೊಡುವ ಜಾಗವೂ ಇದೆ, ಮುಚ್ಚಿಡುವುದಿಲ್ಲ. ಕಾಂಜಿ. ಚೀನಾದಿಂದ ಬಂದ ಚಿತ್ರಾಕ್ಷರಗಳು. ನಿತ್ಯಬಳಕೆಗೆಂದು ಸರ್ಕಾರ ಗೊತ್ತುಮಾಡಿದ ಪಟ್ಟಿಯಲ್ಲೇ 2,136 ಇವೆ. ಇದಕ್ಕೆ ಒಳದಾರಿ ಇಲ್ಲ, ದಿನಕ್ಕೆ ನಾಲ್ಕೋ ಐದೋ ಬರೆದು ಬರೆದು ಕೈಗೆ ಹತ್ತಿಸಿಕೊಳ್ಳಬೇಕು. ಜೆಎಲ್‌ಪಿಟಿ ಎಂಬ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲು, ಎನ್5 ಅತಿ ಸುಲಭದ್ದು. ಬೆಂಗಳೂರಿನಲ್ಲೇ ಬರೆಯಬಹುದು. ಹೋಗುವ ಮೊದಲು ಎನ್4 ಆದರೂ ಮುಗಿಸಿಕೊಂಡವರಿಗೆ ಮೊದಲ ತಿಂಗಳ ಒಂಟಿತನ ಅರ್ಧ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವದ ಮಾತು.

ಒಂಟಿತನ ಅಂದೆ. ಅದಕ್ಕೆ ಮುಖ್ಯ ಕಾರಣ ಅವರ ಮೌನ ಎಂದು ಬಹಳ ಜನ ಹೇಳುತ್ತಾರೆ. ನನಗೆ ಕಂಡ ಕಾರಣ ಬೇರೆ, ಅವರ ಮಾತನ್ನು ನಾವು ತಪ್ಪು ತಿಳಿಯುವುದು. ‘ಹಾಯ್’ ಎಂದರೆ ಹೌದು ಎಂದು ಪುಸ್ತಕ ಕಲಿಸುತ್ತದೆ. ನಾವು ಮಾತಾಡುವಾಗ ಅವರು ‘ಹಾಯ್, ಹಾಯ್’ ಅನ್ನುತ್ತಿದ್ದರೆ ಒಪ್ಪಿದರು ಎಂದು ತಿಳಿದು, ಆಮೇಲೆ ಒಪ್ಪಲಿಲ್ಲವೆಂದು ಗೊತ್ತಾಗಿ ಮನಸ್ಸು ಮುರಿಯುತ್ತದೆ. ಅವರು ಒಪ್ಪುತ್ತಿರುವುದಿಲ್ಲ, ಹೂಂಗುಟ್ಟುತ್ತಿರುತ್ತಾರೆ. ಅಜ್ಜಿ ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಕಥೆ ನಿಲ್ಲುತ್ತಿತ್ತಲ್ಲ, ಅದೇ. ಜಪಾನೀಯರಲ್ಲಿ ಇದಕ್ಕೆ ಐಜುಚಿ ಎಂಬ ಹೆಸರೇ ಇದೆ, ನಮಗೆ ಹೂಂಗುಟ್ಟುವುದು ಎಂಬ ಪದವೇ ಇದೆ. ‘ನೀನು ಹೋಗಲಿಲ್ವಾ?’ ಎಂದರೆ ನಾವು ‘ಹೌದು, ಹೋಗಲಿಲ್ಲ’ ಅನ್ನುತ್ತೇವೆ, ಅವರೂ ‘ಹಾಯ್’ ಎಂದೇ ಶುರುಮಾಡುತ್ತಾರೆ. ಇಲ್ಲ ಎನ್ನಬೇಕಾದ ಕಡೆ ‘ಚೊತ್ತೊ…’ ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಚೊತ್ತೊ ಅಂದರೆ ಸ್ವಲ್ಪ. ಸಾಲ ಕೇಳಲು ಬಂದವರಿಗೆ ನಮ್ಮ ಮನೆಗಳಲ್ಲಿ ‘ನೋಡೋಣ’ ಅನ್ನುವುದಿಲ್ಲವೇ? ‘ನೋಡೋಣ’ ಅರ್ಥವಾದವರಿಗೆ ಚೊತ್ತೊ ಅರ್ಥವಾಗುತ್ತದೆ.

ಊಟದ ಮಾತು ಚುಟುಕಾಗಿ ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಕಷ್ಟ ಮಾಂಸದ ತುಂಡಿನಿಂದಲ್ಲ, ದಾಶಿಯಿಂದ. ಒಣಗಿಸಿದ ಮೀನಿನ ಸಾರ ಅದು, ಮಿಸೊ ಸೂಪಿನಲ್ಲೂ ನೂಡಲ್ಸಿನ ಸಾರಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಕೊಂಬು ಎಂಬ ಕಡಲಪಾಚಿಯಿಂದ ಮಾಡಿದ ದಾಶಿ ಇರುತ್ತದೆ, ಕೇಳಿ ತಿಳಿಯಬೇಕು. ಅಮ್ಮ ಪ್ರೀತಿಯಿಂದ ಸೂಟ್‌ಕೇಸಿಗೆ ತುಂಬಿದ ಮಿಕ್ಸಿ ಅಲ್ಲಿ ಓಡುವುದಿಲ್ಲ: ನಮ್ಮದು 230 ವೋಲ್ಟ್, ಅವರದು 100. ಹಾಸ್ಟೆಲಿನಲ್ಲಿ ಇಂಡಕ್ಷನ್ ಒಲೆ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದು ಬೇಕು. ಹಸಿ ಕರಿಬೇವು, ಮೆಣಸಿನಕಾಯಿ ಒಳಗೆ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ ಒಯ್ಯಿರಿ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಇಡುವ ಎಡೆಯ ರೀತಿ. ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಲೂಬೇಡಿ, ಚಿತೆಯ ನಂತರ ಅಸ್ಥಿಯನ್ನು ಎತ್ತುವ ಕ್ರಮ ಅದು. ನಮ್ಮ ಮನೆಗಳಲ್ಲಿ ‘ತಿಥಿ ದಿನ ಬಡಿಸುವ ಹಾಗೆ ಬಡಿಸಬೇಡ’ ಎಂದು ಹಿರಿಯರು ಯಾಕೆ ಗದರುತ್ತಾರೆಂದು ಗೊತ್ತಿದ್ದವರಿಗೆ ಇದರ ತೂಕ ಕೂಡಲೇ ತಿಳಿಯುತ್ತದೆ.

ಕಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ನನ್ನನ್ನು ನಮ್ಮೂರಿನ ಬಗ್ಗೆ ಯೋಚಿಸುವಂತೆ ಮಾಡಿತು. ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್, ಕಾಗದ, ಬಾಟಲಿ. ಒಂದೊಂದಕ್ಕೂ ಗೊತ್ತಾದ ಚೀಲ, ಗೊತ್ತಾದ ವಾರ. ತಪ್ಪಿದರೆ ಚೀಲ ಅಲ್ಲೇ ಉಳಿಯುತ್ತದೆ. ಇದು ಅವರಿಗೆ ಹುಟ್ಟಿನಿಂದ ಬಂದ ಗುಣ ಎಂದುಕೊಂಡಿದ್ದೆ. ಹಾಗಲ್ಲ. ನಗೋಯಾ ನಗರ ತನ್ನ ಕಸವನ್ನು ಫುಜಿಮಾಯೆ ಎಂಬ ಕಡಲಂಚಿನ ಕೆಸರುಬಯಲಿಗೆ ಸುರಿಯಲು ಹೊರಟಿತ್ತು, ಸಾವಿರಾರು ವಲಸೆ ಹಕ್ಕಿಗಳು ಇಳಿಯುವ ಜಾಗಕ್ಕೆ. ಜನ ಎದುರುನಿಂತರು. 1999ರಲ್ಲಿ ನಗರ ಆ ಯೋಜನೆ ಕೈಬಿಟ್ಟು ಕಸದ ತುರ್ತುಸ್ಥಿತಿ ಸಾರಿತು, ಮರುವರ್ಷ ವಿಂಗಡಣೆ ಬಿಗಿಯಾಯಿತು, ಎರಡೇ ವರ್ಷದಲ್ಲಿ ಕಸ ಐದರಲ್ಲೊಂದು ಪಾಲಿಗೂ ಹೆಚ್ಚು ಇಳಿಯಿತು. ಇದನ್ನು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಬೆಂಗಳೂರಿನ ಪೂರ್ವ ಅಂಚಿನ ಮಂಡೂರು. ವೈಟ್‌ಫೀಲ್ಡ್ ಕಡೆಯ ಗಾಜಿನ ಕಟ್ಟಡಗಳಿಂದ ಬಹಳ ದೂರವೇನಿಲ್ಲ. ಇಡೀ ನಗರದ ಕೊಳೆಯನ್ನು ವರ್ಷಗಟ್ಟಲೆ ಹೊತ್ತು, ಹೋರಾಡಿ, 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದ ಊರು. ನಮ್ಮಲ್ಲೂ ಮನೆಯಲ್ಲೇ ವಿಂಗಡಿಸುವುದು ಕಡ್ಡಾಯವಾಗಿದೆ. ಜಪಾನಿಗೆ ಹೋಗಿಬಂದವರು ಅಲ್ಲಿನ ರಸ್ತೆ ಎಷ್ಟು ಚೊಕ್ಕಟ ಎಂದು ಹೇಳುವುದರ ಜೊತೆಗೆ ಅದು ಎಷ್ಟು ಇತ್ತೀಚಿನದು ಎಂಬುದನ್ನೂ ಹೇಳಬೇಕು ಎಂದು ನನ್ನ ಆಸೆ. ಒಂದು ನಗರದ ಜನ ಮನಸ್ಸು ಮಾಡಿ ಕಲಿತದ್ದು ಅದು.

ಜಪಾನಿಗೂ ನಮಗೂ ಹೋಗಿಬರುವ ಈ ದಾರಿ ಹೊಸದಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು 1898ರಲ್ಲಿ ರಜೆ ಹಾಕಿ ಜಪಾನ್ ನೋಡಿಬಂದರು. ಶಿಕ್ಷಣ ಮತ್ತು ಕೈಗಾರಿಕೆ ಒಂದು ದೇಶವನ್ನು ಹೇಗೆ ಎತ್ತುತ್ತವೆ ಎಂಬುದಕ್ಕೆ ಅವರು ಕೊನೆಯವರೆಗೂ ಕೊಡುತ್ತಿದ್ದ ಉದಾಹರಣೆ ಅದೇ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಮ್‌ಶೆಟ್‌ಜಿ ಟಾಟಾ ಜಪಾನಿನಿಂದ ರೇಷ್ಮೆ ಬಲ್ಲವರನ್ನು ಕರೆಸಿ ಬೆಂಗಳೂರಿನಲ್ಲಿ ತೋಟ ಮಾಡಿಸಿದರು, ಬಸವನಗುಡಿ ಕಡೆಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ಸುಮಾರು ನೂರು ವರ್ಷದ ನಂತರ, 1991ರಿಂದ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಗಾಗಿ ಜಪಾನಿನ ಜೈಕಾ ಸಂಸ್ಥೆ ಕೈಜೋಡಿಸಿತು. ಪೀಣ್ಯದ ನೆತ್ತಿಯ ಮೇಲೆ ಓಡುವ ಮೆಟ್ರೊದ ಮೊದಲ ಹಂತಕ್ಕೆ ಜೈಕಾದ ಸಾಲವಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತಕ್ಕೂ ಇದೆ. ನಗರದಂಚಿನ 110 ಹಳ್ಳಿಗಳಿಗೆ ನೀರು ತರುವ ಯೋಜನೆ ಅದು.

ಇವತ್ತು ನನ್ನ ಭಾನುವಾರದ ಮಕ್ಕಳ ಮುಂದೆ ದಾರಿ ಒಂದಲ್ಲ. ಬಿಡದಿಯಲ್ಲಿ 2007ರಿಂದ ಇರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳಿಗೆ ಇಲ್ಲೇ ಜಪಾನಿ ಪದ್ಧತಿಯ ತಯಾರಿಕೆ ಕಲಿಸುತ್ತದೆ. ಹೊರಗೆ ಹೋಗುವವರಿಗೆ 2017ರ ಒಪ್ಪಂದದ ತಾಂತ್ರಿಕ ತರಬೇತಿ ಯೋಜನೆ ಇದೆ, 2021ರ ಒಪ್ಪಂದದ ನಿರ್ದಿಷ್ಟ ಕೌಶಲದ ವೀಸಾ ಇದೆ. ವಿದ್ಯಾರ್ಥಿ ಬೇರೆ, ತರಬೇತಿಯವನು ಬೇರೆ, ಕೌಶಲದ ಕೆಲಸಗಾರ ಬೇರೆ. ಮೂರಕ್ಕೂ ನಿಯಮ, ಹಕ್ಕು, ಸಂಬಳ ಎಲ್ಲ ಬೇರೆ. ಇದನ್ನು ಕಲಸಿ ಹೇಳುವವರ ಕೈಗೆ ದುಡ್ಡು ಕೊಡಬೇಡಿ ಎಂದು ತಂದೆತಾಯಂದಿರನ್ನು ಕೈಮುಗಿದು ಕೇಳುತ್ತೇನೆ. ನಮ್ಮ ಬೀದಿಯಲ್ಲೇ ಒಬ್ಬರು ‘ಓದುತ್ತ ದುಡಿಯಬಹುದು’ ಎಂಬ ಮಾತು ನಂಬಿ ಚಿನ್ನ ಅಡವಿಟ್ಟರು, ವಾರಕ್ಕೆ 28 ಗಂಟೆಯ ಮಿತಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೀಕೆಗೊಳಗಾದ ತರಬೇತಿ ಯೋಜನೆಯನ್ನು ಬದಲಿಸಲು ಜಪಾನ್ 2024ರಲ್ಲಿ ಕಾನೂನು ಮಾಡಿದೆ, 2027ರಿಂದ ಹೊಸ ವ್ಯವಸ್ಥೆ. ಎಲ್ಲದಕ್ಕೂ ಮೊದಲ ಬಾಗಿಲು ಭಾಷೆಯೇ. ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಕಾಡುಗೋಡಿಯಲ್ಲಿ ಜಪಾನಿ ಕಲಿಸುವವರು ದಯವಿಟ್ಟು ಕನ್ನಡದ ಮೂಲಕ ಕಲಿಸಿ. ಇಂಗ್ಲಿಷ್ ಎಂಬ ಟೋಲ್‌ಗೇಟಿನಲ್ಲಿ ದಿಗಿಲುಬಿದ್ದು ಹಿಂದಿರುಗುವ ಮಕ್ಕಳಲ್ಲಿ ಜಪಾನಿಗೆ ಹೇಳಿಮಾಡಿಸಿದ ನಾಲಿಗೆಯವರಿದ್ದಾರೆ.

ವಾಪಸ್ ಬಂದ ವಾರ ಅಪ್ಪನ ಜೊತೆ ಶೆಡ್ಡಿಗೆ ಹೋಗಿದ್ದೆ. ಗೋಡೆಯ ಐದನೇ ಪದದ ಮೇಲೆ ಎಣ್ಣೆಯ ಕೈ ಇಟ್ಟು ಅಪ್ಪ, ‘ಇದಕ್ಕೆ ಶಿಸ್ತು ಅಂತ ಬರೆಸಿದಾರಲ್ಲ, ಸರೀನಾ?’ ಎಂದರು. ಸರಿ ಅಂದೆ, ಆದರೆ ಅಲ್ಲಿ ಅದು ಮನೆಯ ಮಾತು, ಮಗುವಿಗೆ ತಾಯಿ ಕಲಿಸುವ ನಡೆನುಡಿಗೆ ಶಿತ್ಸುಕೆ ಅನ್ನುತ್ತಾರೆ ಎಂದೆ. ಹೊಲಿಗೆಯಲ್ಲೂ ಅದೇ ಪದ ಇದೆ ಅನ್ನುವುದು ನೆನಪಾಗಿ, ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದವಳು. ಬಟ್ಟೆ ಜರುಗದ ಹಾಗೆ ಮೊದಲು ಸಡಿಲವಾಗಿ ಹಾಕುವ ಹೊಲಿಗೆ ಎಂದು ವಿವರಿಸಲು ನಾನು ಕೈಯಲ್ಲಿ ತೋರಿಸುತ್ತಿದ್ದೆ.

‘ಓ, ಕಚ್ಚಾ ಹೊಲಿಗೆ’ ಎಂದಳು. ‘ಪಕ್ಕಾ ಹೊಲಿಗೆ ಬಿದ್ದಮೇಲೆ ಆ ದಾರ ಎಳೆದುಬಿಡ್ತೀವಿ.’ ತೊಡೆಯ ಮೇಲಿದ್ದ ನನ್ನ ಹಳೆಯ ಸ್ವೆಟರಿನ ತೋಳು ತಿರುಗಿಸಿ, ಹಲ್ಲಿನಿಂದ ಒಂದು ಬಿಳಿ ದಾರ ಕಡಿದು, ಎಳೆದು ತೋರಿಸಿದಳು.